ರಾಜಾಸಾಬರ ಟ್ರಂಕಿನ ಅಳತೆ ಜಂಪರುಗಳು

ಯಲಬುರ್ಗಾದ ಬಸ್ ನಿಲ್ದಾಣದ ಎದುರು, ಚಹಾದ ಅಂಗಡಿಗೂ ಗೊಬ್ಬರದ ಅಂಗಡಿಗೂ ನಡುವೆ ಸಿಕ್ಕಿಬಿದ್ದಂತಿರುವ ಒಂದು ಸಣ್ಣ ಖೋಲಿಯೇ ರಾಜಾಸಾಬ ಚಾಚಾ ಅವರ ಹೊಲಿಗೆ ಅಂಗಡಿ. ಬಾಗಿಲ ಮೇಲೆ ‘ಗುಲ್ಶನ ಲೇಡೀಜ್ ಟೇಲರ್’ ಎಂಬ ಬೋರ್ಡು. ಗುಲ್ಶನ ಅವರ ಹೆಂಡತಿ. ಹೆಂಡತಿಯ ಹೆಸರನ್ನು ಊರ ನಡುವೆ ಬರೆಸಿ ತೂಗುಹಾಕಿದ ಗಂಡಸು ಇಡೀ ತಾಲೂಕಿನಲ್ಲಿ ತಾವೊಬ್ಬರೇ ಎಂದು ಚಾಚಾಗೆ ಹೆಮ್ಮೆ. ಚಾಚಿಯನ್ನು ಕೇಳಿದರೆ ಬೇರೆಯೇ ಮಾತು. “ಬೋರ್ಡಿನ ಮ್ಯಾಲೆ ಹೆಸರು ನಂದು, ಒಳಗ ಕುಂತು ಹುಕ್ಕು ಹಚ್ಚಾಕಿನೂ ನಾನು. ಕುರ್ಚಿ ಒಂದ ಅವರದು” ಎನ್ನುತ್ತಾರೆ.

ಚಾಚಾಗೆ ಈಗ ಎಪ್ಪತ್ತು. ಬಡಕಲು ಕಾಲು, ಬಡಕಲು ತೋಳು, ಒಳಗೆ ಸೇರಿದ ಗಲ್ಲ. ನಡುವೆ ಮಾತ್ರ ಗಡಿಗೆ ಬೋರಲು ಹಾಕಿದಂತೆ ಹೊಟ್ಟೆ. ಆ ಹೊಟ್ಟೆ ಊರಿಗೆಲ್ಲ ಕಾಣುತ್ತಿತ್ತು, ಅವರೊಬ್ಬರಿಗೆ ಕಾಣುತ್ತಿರಲಿಲ್ಲ. “ನಿಕಾಹ್ ಆದಾಗ ಐವತ್ತೆಂಟು ಕಿಲೋ ಇದ್ದೆ, ಇವತ್ತೂ ಐವತ್ತೆಂಟ. ಇವತ್ತಿಗೂ ನಿಕಾಹ್ ಜುಬ್ಬಾದ ಅಳತಿಗೇ ಕತ್ತರಿಸಿ ನಮ್ಮ ಗುಲ್ಶನ ಕಡೆ ಹೊಲಿಸ್ತೀನಿ” ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಆಸ್ಪತ್ರೆಯ ತೂಕದ ಮಷೀನು ಕೂಡ ಅದನ್ನೇ ಹೇಳುತ್ತಿತ್ತು, ನಾನೇ ನೋಡಿದ್ದೇನೆ.

ನಾನು ಸುಕನ್ಯಾ, ಇದೇ ಊರಿನ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ವಯಸ್ಸು ನಲವತ್ತಾರು. ಕೇಳಿದವರಿಗೆ ನಲವತ್ತು ದಾಟಿದೆ ಎನ್ನುತ್ತೇನೆ, ಅದೇನು ಸುಳ್ಳಲ್ಲ. ಓಣಿ ಓಣಿಗೆ ಹೋಗಿ ಮೂವತ್ತು ದಾಟಿದವರ ಬಿಪಿ, ಶುಗರ್, ಸೊಂಟದ ಸುತ್ತಳತೆ ಬರೆದುಕೊಳ್ಳುವುದು ನನ್ನ ಕೆಲಸದ ಒಂದು ಭಾಗ. ಬಿಪಿಗೆ ತೋಳು ಚಾಚುತ್ತಾರೆ, ಶುಗರಿಗೆ ಬೆರಳು ಕೊಡುತ್ತಾರೆ. ಸೊಂಟಕ್ಕೆ ಟೇಪು ತೆಗೆದೆನೋ, ಹೆಂಗಸರೆಲ್ಲ ಒಲೆಯ ಮೇಲೆ ಹಾಲಿಟ್ಟು ಬಂದವರೇ ಆಗಿಬಿಡುತ್ತಾರೆ. ಒಬ್ಬಾಕೆಯಂತೂ “ರಾಜಾಸಾಬನ ಕಡೆ ನನ್ನ ಅಳತಿ ಜಂಪರ ಐತಿ, ಅದನ್ನ ಅಳದು ಬರ್ಕೋ ಹೋಗವ್ವಾ” ಎಂದು ಬಾಗಿಲು ಹಾಕಿಕೊಂಡಳು.

ಆ ಅಳತೆ ಜಂಪರಿನ ಸಂಗತಿ ಹೇಳಬೇಕು. ನಮ್ಮ ಕಡೆ ಗಂಡು ದರ್ಜಿ ಹೆಂಗಸರ ಮೈಗೆ ಟೇಪು ಹಿಡಿಯುವ ರೂಢಿ ಇಲ್ಲ. ಮೈಗೆ ಸರಿಯಾಗಿ ಕೂತ ಒಂದು ಜಂಪರನ್ನು, ಅಂದರೆ ರವಿಕೆಯನ್ನು, ಅಳತೆಗೆಂದು ಕೊಡಬೇಕು, ಅವರು ಅದನ್ನು ನೋಡಿ ಹೊಸದನ್ನು ಹೊಲಿಯಬೇಕು. ಮದುವೆಯಾದ ಹೊಸತರಲ್ಲಿ ಕೊಟ್ಟ ಆ ಜಂಪರನ್ನು ಹೆಚ್ಚಿನವರು ಚಾಚಾ ಬಳಿಯೇ ಬಿಟ್ಟಿದ್ದರು. ಅಂಗಡಿಯ ಮೂಲೆಯ ತಗಡಿನ ಟ್ರಂಕಿನಲ್ಲಿ ಅಂಥವು ಇನ್ನೂರರ ಮೇಲೆ ಇದ್ದವು, ಒಂದೊಂದಕ್ಕೂ ಹೆಸರಿನ ಚೀಟಿ. ಅಳತೆ ಜಂಪರನ್ನು ಬಿಟ್ಟಿದ್ದಾರೆಂದರೆ ನಂಬಿಕೆ ಇದೆ ಎಂದು ಅರ್ಥ. ವಾಪಸ್ ಒಯ್ದರೆಂದರೆ ಆ ಅಂಗಡಿಯ ಋಣ ಹರಿದಂತೆ.

ನನ್ನ ಅವ್ವ ಅಮರಮ್ಮನ ಜಂಪರು ಆ ಟ್ರಂಕಿನ ತಳದಲ್ಲಿತ್ತು. ಅಳವಂಡಿಯ ತವರಿನಿಂದ ಹದಿನೆಂಟರ ಹುಡುಗಿಯಾಗಿ ಇಲ್ಲಿಗೆ ಬಂದಾಗ ತಂದದ್ದು, ನಲವತ್ತೆಂಟು ವರ್ಷದ್ದು. ಮೂಲ ಬಣ್ಣ ಯಾವುದೆಂದು ಈಗ ಯಾರೂ ಹೇಳಲಾರರು. ಅವ್ವನ ಪ್ರಕಾರ ಅದು ಈಗಲೂ ಅವಳ ಅಳತೆ. “ಮೂರು ಹಡದರೂ ಅಳತಿ ಬದಲಾಗಿಲ್ಲ. ಈಗಿನವರು ಒಂದು ಹಡದ ಕೂಡ್ಲೆ ಹುಲ್ಲಿನ ಬಣವಿ ಆಗ್ತಾರ” ಎಂದು ನನ್ನ ಕಡೆ ನೋಡಿಯೇ ಹೇಳುತ್ತಿದ್ದಳು. ನಾನು ಸುಮ್ಮನಿರುತ್ತಿದ್ದೆ, ಏಕೆಂದರೆ ನನ್ನದೂ ಮದುವೆಯ ವರ್ಷದ ಜಂಪರೊಂದು ಅದೇ ಟ್ರಂಕಿನಲ್ಲಿತ್ತು.

ಹಾಗಾದರೆ ಇಷ್ಟು ವರ್ಷ ಚಾಚಾ ಹೊಲಿದದ್ದೆಲ್ಲ ನಮಗೆ ಸರಿಯಾಗಿ ಕೂತದ್ದು ಹೇಗೆ? ಅದು ಅವರ ವಿದ್ಯೆ. ಬಸ್ಸಿನ ಮೆಟ್ಟಿಲನ್ನು ಒಬ್ಬ ಹೆಂಗಸು ಹೇಗೆ ಇಳಿಯುತ್ತಾಳೆ, ಚೀಲವನ್ನು ಯಾವ ಕೈಯಲ್ಲಿ ಹಿಡಿಯುತ್ತಾಳೆ, ಸೆರಗನ್ನು ಎಲ್ಲಿ ಎಳೆದುಕೊಳ್ಳುತ್ತಾಳೆ ಎಂದು ಕುರ್ಚಿಯಿಂದಲೇ ನೋಡುತ್ತಿದ್ದರು. ಆಮೇಲೆ ಅಳತೆ ಜಂಪರನ್ನು ಅವಳೆದುರೇ ಬಿಡಿಸಿ, ಗಂಭೀರವಾಗಿ ಟೇಪು ಹಿಡಿದು, ತಲೆಯಾಡಿಸಿ ಮಡಚಿ ಇಡುತ್ತಿದ್ದರು. ಕತ್ತರಿಸುವಾಗ ಅದನ್ನು ನೋಡುತ್ತಲೇ ಇರಲಿಲ್ಲ. ನಲವತ್ತು ದಾಟಿದವರಿಗೆ ಸೊಂಟದಲ್ಲಿ ಎರಡು ಬೆರಳು ಸಡಿಲ. ಐವತ್ತಕ್ಕೆ ಇನ್ನೆರಡು, ಬೆನ್ನಿಗೂ ಅಷ್ಟು. ಅರವತ್ತು ದಾಟಿದರೆ ಹೊಟ್ಟೆಯ ಕಡೆ ಬಟ್ಟೆ ಹೆಚ್ಚು ಬಿಟ್ಟು, ತೋಳು ಹೆಗಲು ಬಿಗಿ ಹಿಡಿಯಬೇಕು. ಬಟ್ಟೆ ಸಾಲದಿದ್ದರೆ ಬಗಲಲ್ಲಿ ಗುಟ್ಟಾಗಿ ತುಂಡು ಸೇರಿಸುತ್ತಿದ್ದರು. ಯಾರಿಗೂ ಒಂದು ಮಾತು ಹೇಳುತ್ತಿರಲಿಲ್ಲ. ಯಾರೂ ಕೇಳುತ್ತಲೂ ಇರಲಿಲ್ಲ. ಹೀಗಾಗಿ ನಮ್ಮೂರಿನ ಹೆಂಗಸರೆಲ್ಲ ಮದುವೆಯಾದ ವರ್ಷದ ಅಳತೆಯಲ್ಲೇ ಮುದುಕಿಯರಾಗುತ್ತಿದ್ದರು.

ನನಗೊಬ್ಬಳಿಗೆ ಮಾತ್ರ, ನರ್ಸ್ ಎಂಬ ಸಲಿಗೆಯಿಂದ, ಒಮ್ಮೆ ಇದನ್ನು ವಿವರಿಸಿದ್ದರು. “ನಮ್ಮ ಮಂದಿ ಇಲ್ಲಿ ಕೆಲಸ ಇಲ್ಲಂದ್ರ ಗುಳೇ ಹೋಗೂದಿಲ್ಲೇನವ್ವಾ? ಕೊಬ್ಬೂ ಹಂಗ. ವಯಸ್ಸಾತಂದ್ರ ತೋಳು, ತೊಡಿ, ಗಲ್ಲ ಬಿಟ್ಟು ಗಂಟು ಕಟ್ಟಿಕೊಂಡು ಹೊಟ್ಟಿಗೆ ಗುಳೇ ಬರ್ತೈತಿ. ಮಂದಿ ಅಷ್ಟ ಇರ್ತಾರ, ಊರು ಬ್ಯಾರೆ.”

ತರಬೇತಿಯಲ್ಲಿ ನಮ್ಮ ಡಾಕ್ಟರು ಅರ್ಧ ದಿನ ಪರದೆಯ ಮೇಲೆ ಚಿತ್ರ ತೋರಿಸಿ ಹೇಳಿದ್ದೂ ಇದನ್ನೇ. ವಯಸ್ಸಾದಂತೆ ಚರ್ಮದ ಕೆಳಗಿನ ಕೊಬ್ಬಿನ ಮೆತ್ತೆ ತೆಳುವಾಗುತ್ತದೆ, ಅಲ್ಲಿನ ಜೀವಕೋಶಗಳಿಗೆ ಹೊಸ ಕೊಬ್ಬನ್ನು ಹಿಡಿದಿಟ್ಟುಕೊಳ್ಳುವ ತ್ರಾಣ ಕಡಿಮೆಯಾಗುತ್ತದೆ. ಮಿಕ್ಕದ್ದು ಹೊಟ್ಟೆಯೊಳಗೆ, ಕರುಳಿನ ಸುತ್ತ, ಯಕೃತ್ತಿನ ಸುತ್ತ ಕೂಡುತ್ತದೆ. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಇದು ಇನ್ನೂ ಜೋರು. ಇತ್ತ ಸ್ನಾಯುವೂ ಕರಗುವುದರಿಂದ ತೂಕದ ಮಷೀನಿಗೆ ಏನೂ ಗೊತ್ತಾಗುವುದಿಲ್ಲ. ಶುಗರು, ಬಿಪಿಗೆ ದಾರಿ ಮಾಡುವುದು ಆ ಒಳಗಿನ ಕೊಬ್ಬೇ. ಅದಕ್ಕೇ ಸರಕಾರ ನಮ್ಮ ಕೈಗೆ ಟೇಪು ಕೊಟ್ಟಿದ್ದು. ಚಾಚಾ ಇಷ್ಟನ್ನೂ ಕುರ್ಚಿಯಲ್ಲಿ ಕೂತೇ ಕಂಡುಕೊಂಡಿದ್ದರು. ತಮ್ಮ ವಿಷಯವೊಂದು ಬಿಟ್ಟು.

ಹೋದ ವರ್ಷ ಅವರ ಎರಡೂ ಕಣ್ಣಿಗೆ ಪೊರೆ ಬಂತು. ಸೂಜಿಗೆ ದಾರ ಪೋಣಿಸಲು ಹೋಗಿ ಗಾಳಿಗೆ ಪೋಣಿಸತೊಡಗಿದರು. ಕೊಪ್ಪಳಕ್ಕೆ ಹೋಗಿ, ಒಂದು ತಿಂಗಳ ಅಂತರದಲ್ಲಿ ಒಂದೊಂದೇ ಕಣ್ಣಿಗೆ ಆಪರೇಷನ್ ಮಾಡಿಸುವುದೆಂದು ಆಯಿತು. ಅಷ್ಟು ದಿನ ಹೊಲಿಗೆ ಬಂದ್. ಮಗ ಅಕ್ರಮ್ ಟಂಟಂ ಆಟೋ ಓಡಿಸುತ್ತಾನೆ, ಅವನಿಗೆ ಸೂಜಿ ಎಂದರೆ ಇಂಜೆಕ್ಷನ್ ಮಾತ್ರ ಗೊತ್ತು. ಉಳಿದವಳು ಅವನ ಹೆಂಡತಿ ಅಂಜುಮ. ಗಂಗಾವತಿಯಲ್ಲಿ ಆರು ತಿಂಗಳು ಹೊಲಿಗೆ ಕಲಿತು ಸರ್ಟಿಫಿಕೇಟ್ ತಂದಿದ್ದವಳು. ಅಂಗಡಿ ಉಳಿದರೆ ಅವಳ ಕೈಯಲ್ಲಿ ಉಳಿಯಬೇಕು, ಇಲ್ಲವೇ ಗೊಬ್ಬರದ ಅಂಗಡಿಯವನು ಗೋಡೆ ಒಡೆದು ತನ್ನ ಚೀಲಗಳನ್ನು ಈಚೆ ಒಟ್ಟಲು ಕಾದೇ ಇದ್ದ. ಚಾಚಾ ಅವಳಿಗೆ ಮಷೀನಿನ ಎಣ್ಣೆಯಿಂದ ಹಿಡಿದು ಯಾವ ಗಿರಾಕಿಗೆ ಎಷ್ಟು ಆಳದ ಕೊರಳು ಎನ್ನುವವರೆಗೆ ಎಲ್ಲ ಹೇಳಿಕೊಟ್ಟು ಆಪರೇಷನ್ನಿಗೆ ಹೋದರು. ಗುಳೇ ವಿಷಯ ಮಾತ್ರ ಹೇಳಲಿಲ್ಲ. ಇನ್ನೂರು ಹೆಂಗಸರ ಗುಟ್ಟು ತಮ್ಮ ಬಾಯಿಂದ ಹೊರಬೀಳಬಾರದು ಎಂದು ಅವರ ನೇಮ.

ಅದೇ ಹೊತ್ತಿಗೆ ನಮ್ಮ ಮನೆಯಲ್ಲಿ ಕುಬಸದ ಕಾರ್ಯ ಬಂತು. ತಮ್ಮನ ಹೆಂಡತಿ ರಂಜಿತಾಗೆ ಏಳು ತಿಂಗಳು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಹೊಸ ಕುಬಸ ಹಾಕಿಸಿ ಆರತಿ ಮಾಡುವ ಕಾರ್ಯ ಅದು. ಬಸುರಿಗೊಂದೇ ಹೊಸದಾದರೆ ನಮ್ಮವ್ವನಿಗೆ ಸಮಾಧಾನವೇ? ತನಗೆ, ನನಗೆ, ಅಳವಂಡಿಯಲ್ಲಿದ್ದರೂ ಜಂಪರು ಇಲ್ಲೇ ಹೊಲಿಸುವ ತನ್ನ ಅಕ್ಕ ಮಾರೆಮ್ಮನಿಗೆ, ಪಕ್ಕದ ಮನೆಯ ಫಕೀರಮ್ಮನಿಗೆ, ಒಟ್ಟು ಐದು ಜಂಪರು ಹೊಲಿಯಲು ಅಂಜುಮಳಿಗೆ ಕೊಟ್ಟಳು. “ನಮ್ಮ ಅಳತಿ ಎಲ್ಲಾ ಟ್ರಂಕಿನ್ಯಾಗ ಅದಾವ. ಈ ಬಸರಿದು ಒಂದು ಮೈ ಅಳತಿ ತಗೋ” ಎಂದು ಹೇಳಿ ಬಂದಳು.

ಕಾರ್ಯದ ಬೆಳಗ್ಗೆ ಒಳಕೋಣೆಯ ಬಾಗಿಲು ಹಾಕಿಕೊಂಡು ನಾವೆಲ್ಲ ಜಂಪರು ತೊಡಲು ನಿಂತೆವು. ಮಾರೆಮ್ಮ ದೊಡ್ಡವ್ವ ಮೊದಲು ತೋಳು ತೂರಿಸಿದಳು. ತೋಳಿನಲ್ಲಿ ಇನ್ನೊಂದು ತೋಳು ಹಿಡಿಯುವಷ್ಟು ಜಾಗ. ಮುಂದೆ ನೋಡಿದರೆ ಎರಡೂ ಕಡೆಯ ಪಟ್ಟಿಗಳ ನಡುವೆ ಒಂದು ಗೇಣು ಅಂತರ, ಹುಕ್ಕು ಕಾಜಗಳು ಒಂದರ ಮುಖ ಒಂದು ನೋಡದಂತೆ ನಿಂತಿದ್ದವು. “ಇದು ನಂದಲ್ಲ ಬಿಡವಾ, ಫಕೀರಮ್ಮಂದು” ಎಂದಳು. ಫಕೀರಮ್ಮ ತನ್ನದನ್ನು ತೊಟ್ಟು “ಇದು ಅಮರಮ್ಮಂದು” ಎಂದಳು. ಅದಲು ಬದಲು ಮಾಡಿದ್ದಾಯಿತು, ಎಲ್ಲವೂ ಎಲ್ಲರಿಗೂ ಅಷ್ಟೇ ಬಿಗಿ. ನನ್ನದು ಬೆನ್ನಿನಲ್ಲೇ ಸಿಕ್ಕಿಕೊಂಡು ಮುಂದೆ ಬರಲೊಲ್ಲದು. ಅವ್ವ ಉಸಿರು ಬಿಗಿಹಿಡಿದು ಎರಡು ಹುಕ್ಕು ಹಾಕಿದಳು, ಉಸಿರು ಬಿಟ್ಟ ಕೂಡಲೇ ಎರಡೂ ಹಾರಿ ಕಪಾಟಿಗೆ ಬಡಿದವು. ರಂಜಿತಾಳ ಕುಬಸ ಮಾತ್ರ ಹೇಳಿ ಮಾಡಿಸಿದಂತೆ ಕೂತಿತ್ತು. ಹೊಟ್ಟೆ ಬಂದಿದೆ ಎಂದು ಒಪ್ಪಿಕೊಂಡವಳು ಆ ಮನೆಯಲ್ಲಿ ಅವಳೊಬ್ಬಳೇ.

ಪಿನ್ನು ಹಾಕಿಕೊಂಡು, ಎರಡೂ ಹೆಗಲಿಗೆ ಸೆರಗು ಹೊದ್ದು ಕಾರ್ಯ ಮುಗಿಸಿದೆವು. ಸೋಬಾನ ಹಾಡುತ್ತ ಫಕೀರಮ್ಮ ಆರತಿ ಎತ್ತಿದಾಗ ಅವಳ ಪಿನ್ನೊಂದು ಬಿಚ್ಚಿ ಠಣ್ಣೆಂದು ತಟ್ಟೆಗೆ ಬಿತ್ತು. ಬೀಗರು ಅದನ್ನು ನೋಡಿದರು. ಅವ್ವನ ಸಿಟ್ಟು ನೆತ್ತಿಗೇರಲು ಅಷ್ಟು ಸಾಕಾಯಿತು.

ಮಾರನೆಯ ದಿನ ಹತ್ತು ಗಂಟೆಗೆ ಅವ್ವ ಮುಂದೆ, ಫಕೀರಮ್ಮ ಹಿಂದೆ, ಅವರ ಹಿಂದೆ ಮೊಣಕಾಲು ಹಿಡಿದುಕೊಂಡು ಮಾರೆಮ್ಮ ದೊಡ್ಡವ್ವ, ಎಲ್ಲರಿಗಿಂತ ಹಿಂದೆ ನಾನು, ಅಂಗಡಿಗೆ ದಂಡು ಹೋಯಿತು. ಚಾಚಾಗೆ ಎರಡನೆಯ ಕಣ್ಣಿನ ಆಪರೇಷನ್ ಆಗಿ ಎರಡು ದಿನವಾಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಪರದೆಯ ಹಿಂದಿನ ಮಂಚದ ಮೇಲೆ ಮಲಗಿದ್ದರು.

“ಏನವಾ, ಗಂಗಾವತ್ಯಾಗ ಗೊಂಬಿಗೆ ಜಂಪರ ಹೊಲಿಯೂದು ಕಲಿಸ್ಯಾರೇನು? ಕಿನ್ನಾಳದ ಗೊಂಬಿಗೆ ಹಾಕಿದ್ರ ಛಲೋ ಕುಂದರ್ತಾವ” ಎಂದು ಅವ್ವ ಜಂಪರುಗಳನ್ನು ಮೇಜಿನ ಮೇಲೆ ಒಗೆದಳು.

ಅಂಜುಮ ಬೆದರಲಿಲ್ಲ. ಟ್ರಂಕು ತೆರೆದು ಅವ್ವನ ಅಳತೆ ಜಂಪರನ್ನು ತೆಗೆದು ಹೊಸದರ ಮೇಲೆ ಇಟ್ಟಳು. ತೋಳಿಗೆ ತೋಳು, ಬೆನ್ನಿಗೆ ಬೆನ್ನು, ಒಂದು ನೂಲಿನಷ್ಟೂ ವ್ಯತ್ಯಾಸವಿಲ್ಲ. “ನೋಡ್ರಿ ಅಮರಮ್ಮಾರ. ನೀವು ಕೊಟ್ಟ ಅಳತಿ, ನಾ ಹೊಲಿದ ಜಂಪರ. ಎಲ್ಲಿ ತಪ್ಪೈತಿ ತೋರಸ್ರಿ.”

“ಹಂಗಾರ ಯಾಕ ಕೂಡವಲ್ದು?”

“ಅಳತಿ ಜಂಪರ ಒಮ್ಮೆ ತೊಟ್ಟು ನೋಡ್ರಿ. ಗೊತ್ತಾಕೈತಿ.”

ನಲವತ್ತೆಂಟು ವರ್ಷದಲ್ಲಿ ಯಾರೂ ಆಡದ ಮಾತನ್ನು ಆ ಹುಡುಗಿ ಆಡಿಬಿಟ್ಟಿದ್ದಳು. ಫಕೀರಮ್ಮ ತಾನು ಇಲ್ಲಿಗೆ ಬಂದೇ ಇಲ್ಲವೆನ್ನುವಂತೆ ಬಸ್ಸಿನ ಬೋರ್ಡು ಓದತೊಡಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಸೆರಗು ಎಳೆದುಕೊಂಡೆ.

ಅಷ್ಟರಲ್ಲಿ ಚಾಚಾ ಗೋಡೆ ತಡವುತ್ತ ಹೊರಗೆ ಬಂದರು. “ತಂಗೀ, ತಪ್ಪು ನಮ್ಮ ಹುಡಿಗೀದು. ಬಟ್ಟಿ ನೀರಾಗ ಅದ್ದದ ಕತ್ತರಿಸ್ಯಾಳ, ಕುಗ್ಗೇತಿ. ಹೊಟ್ಟ್ಯಾಗ ಹಾಕ್ಕೋರಿ.”

“ಹೊಟ್ಟ್ಯಾಗ ಹಾಕ್ಕೊಳ್ಳಾಕ ಇನ್ನ ಜಾಗ ಇಲ್ಲ ಅಂತಾಳಲ್ಲ ನಿನ್ನ ಸೊಸಿ!” ಎಂದಳು ಅವ್ವ.

“ಅಂಜುಮ, ಮಾಫಿ ಕೇಳು.”

“ಕೇಳೂದಿಲ್ರಿ ಅಬ್ಬಾ. ಬಟ್ಟಿ ಅದ್ದೀನಿ, ಒಣಗಿಸೀನಿ, ಇಸ್ತ್ರಿ ಹೊಡದೀನಿ. ಮಾಡದ ತಪ್ಪು ಹೊತ್ತುಕೊಂಡ್ರ ನಾಳಿಂದ ಈ ಊರಾಗ ನನ್ನ ಕೈಯಾಗ ಯಾರು ಬಟ್ಟಿ ಕೊಡ್ತಾರ?”

ಅವಳ ಮಾತು ನಿಜವಾಗಿತ್ತು, ನಿಜ ಹೇಳಿದ್ದೇ ತಪ್ಪಾಯಿತು. ಅವ್ವ ಬಣ್ಣಗೆಟ್ಟ ಆ ಹಳೆಯ ಜಂಪರನ್ನು ಮೇಜಿನಿಂದ ಎತ್ತಿಕೊಂಡು, ಮಡಚಿ ಬಗಲಲ್ಲಿ ಇಟ್ಟುಕೊಂಡಳು. ಮೆಟ್ಟಿಲು ಇಳಿಯುವಾಗ ತಿರುಗಿ ನೋಡಲಿಲ್ಲ. ಚಾಚಾ ಕಪ್ಪು ಕನ್ನಡಕದ ಮುಖವನ್ನು ಮೆಟ್ಟಿಲ ಕಡೆ ಮಾಡಿ ನಿಂತೇ ಇದ್ದರು.

ಸುದ್ದಿಗೆ ಬಸ್ಸು ಬೇಕಿಲ್ಲ. ಅಂಗಡಿಗೆ ಹೋದರೆ ಗಂಗಾವತಿಯ ಸರ್ಟಿಫಿಕೇಟಿನವಳು ಜಂಪರು ತೊಟ್ಟು ತೋರಿಸಲು ಹೇಳುತ್ತಾಳಂತೆ ಎಂದು ಎರಡೇ ದಿನದಲ್ಲಿ ಓಣಿಗೆಲ್ಲ ಹಬ್ಬಿತು. ಒಬ್ಬೊಬ್ಬರಾಗಿ ಬಂದು “ನಮ್ಮ ಅಳತಿ ಕೊಡ್ರಿ” ಎಂದು ಕೇಳಿ ಒಯ್ದರು. ಕಾರಣ ಯಾರೂ ಹೇಳಲಿಲ್ಲ. ವಾರದೊಳಗೆ ಟ್ರಂಕು ಅರ್ಧ ಖಾಲಿಯಾಯಿತು. ಗೊಬ್ಬರದ ಅಂಗಡಿಯವನು ಗೋಡೆಯನ್ನು ಎರಡು ಸಲ ಟೇಪು ಹಿಡಿದು ಅಳೆದು ಹೋದ.

ಚಾಚಾ ಕಣ್ಣಿಗೆ ಹನಿ ಹಾಕಲು ನಾನು ದಿನಾ ಸಂಜೆ ಹೋಗುತ್ತಿದ್ದೆ. ಎಂಟನೆಯ ದಿನ ಕಪ್ಪು ಕನ್ನಡಕ ತೆಗೆಯಲು ಅನುಮತಿ ಸಿಕ್ಕಿತ್ತು. ಹೊಸ ಕಣ್ಣಿನ ಸಂಭ್ರಮ ಅವರಿಗೆ. ಗೋಡೆಯ ಮೇಲಿನ ಇರುವೆ ಎಣಿಸಿದರು, ಔಷಧದ ಬಾಟಲಿಯ ಸಣ್ಣ ಅಕ್ಷರ ಓದಿದರು, ನನ್ನ ಕಿವಿಯ ಹತ್ತಿರದ ಬಿಳಿ ಕೂದಲು ತೋರಿಸಿದರು. ನನಗೆ ಆ ಆಪರೇಷನ್ ಬೇಕಿರಲಿಲ್ಲ ಎನಿಸಿತು. ಆಮೇಲೆ ಅವರ ಕಣ್ಣು ಟ್ರಂಕಿನ ಮೇಲೆ ಬಿತ್ತು, ಮುಖ ಸಣ್ಣದಾಯಿತು.

“ನಲವತ್ತೆಂಟು ವರ್ಷ ಕಾಯ್ದಿದ್ದೆ. ಒಂದು ಮಾತಿನ್ಯಾಗ ಖಾಲಿ ಆತು” ಎಂದರು. ಸೊಸೆ ಮಷೀನಿನ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು, ಹೊಲಿಯಲು ಏನೂ ಇರಲಿಲ್ಲ. “ಹೆಣ್ಣಮಕ್ಕಳ ಮೈ ಹಂಗ ಇರ್ತೈತವ್ವಾ, ಇವತ್ತು ಒಂದು ನಾಳೆ ಒಂದು. ಅದನ್ನ ಬಾಯಿಬಿಟ್ಟು ಹೇಳಬಾರದು. ಎಲ್ಲಾರೂ ನನ್ನಂಗ ಇರ್ತಾರೇನು? ನೋಡು, ನಿಕಾಹ್ ಜುಬ್ಬಾದ ಅಳತಿ…”

ಒಳಗಿನಿಂದ ಗುಲ್ಶನ ಚಾಚಿ ಎದ್ದು ಬಂದರು. ಅವರ ಮನೆಯ ಮಾತು ಉರ್ದು. ಅಕ್ಕಪಕ್ಕದವರಿಗೂ ತಿಳಿಯಬೇಕಾದ ಜಗಳ ಮಾತ್ರ ಕನ್ನಡದಲ್ಲಿ.

“ಅಕ್ರಮನ ಅಬ್ಬಾ, ಕಣ್ಣು ಛಲೋ ಆಗ್ಯಾವಲ್ರಿ?”

“ಇರುವಿ ಕಾಲು ಎಣಿಸ್ತೀನಿ.”

“ಹಂಗಾರ ಇದನ್ನ ಎಣಸ್ರಿ.” ಹಗ್ಗದ ಮೇಲೆ ಒಣಗಿದ್ದ ಅವರ ಜುಬ್ಬಾವನ್ನು ಒಳಹೊರಗು ತಿರುವಿ ತೊಡೆಯ ಮೇಲೆ ಹಾಕಿದರು.

ಚಾಚಾ ಸುಮ್ಮನೆ ಕೈಯಾಡಿಸಿದರು. ಬಗಲಿನ ಹತ್ತಿರ ಬೆರಳು ನಿಂತಿತು. ಜುಬ್ಬಾವನ್ನು ಬೆಳಕಿಗೆ ಹಿಡಿದರು. ಎರಡೂ ಬಗಲಿನಿಂದ ಕೆಳಗಿನವರೆಗೆ ಅದೇ ಬಟ್ಟೆಯ ಉದ್ದನೆಯ ಪಟ್ಟಿ, ಮೂರು ಬೆರಳಿನ ಅಗಲ, ಹೊಲಿಗೆ ಎಷ್ಟು ಸಣ್ಣದೆಂದರೆ ನನಗೆ ಕನ್ನಡಕವಿದ್ದರೂ ಮೊದಲು ಕಾಣಲಿಲ್ಲ. ತೋಳಿನ ಒಳಗೆ ಮಾತ್ರ ತಿರುವುಮುರುವು. ಅಲ್ಲಿ ಬಟ್ಟೆ ಮಡಚಿ ಹಿಡಿದು ಸಣ್ಣದು ಮಾಡಿತ್ತು. ಹೊಟ್ಟೆಗೆ ಕೊಟ್ಟು ತೋಳಿನಿಂದ ಕಸಿದುಕೊಂಡ ಗುಳೇ ಲೆಕ್ಕವೆಲ್ಲ ಅಲ್ಲಿ ದಾರದಲ್ಲೇ ಬರೆದಿತ್ತು. ಊರ ಹೆಂಗಸರ ಹೊಲಿಗೆಯನ್ನೆಲ್ಲ ತಿರುವಿ ನೋಡಿದ ದರ್ಜಿ ತನ್ನ ಅಂಗಿಯನ್ನು ಒಮ್ಮೆಯೂ ತಿರುವಿ ನೋಡಿರಲಿಲ್ಲ. ತಮ್ಮ ತಟ್ಟೆಯ ಹೆಗ್ಗಣ ಬಿಟ್ಟು ಬೇರೆಯವರ ತಟ್ಟೆಯ ನೊಣ ನೋಡುವುದು ಎಂದರೆ ಇದೇ.

ಅಂಜುಮ ಬಾಯಿಗೆ ಓಢಣಿ ಒತ್ತಿಕೊಂಡಳು. ನನಗೆ ತಡೆಯಲಾಗಲಿಲ್ಲ, ಗೊಳ್ಳನೆ ನಕ್ಕೆ.

“ಯಾವಾಗಿಂದ?” ಎಂದರು ಚಾಚಾ.

“ಅಕ್ರಮ್ ಹುಟ್ಟಿದ ವರ್ಷದಿಂದ. ಮೊದಲು ಒಂದು ಬೆರಳು. ಈಗ ಮೂರು.”

“ಒಮ್ಮೆರ ಹೇಳಬಾರದಿತ್ತೇನು?”

“ಹೇಳಿದ್ರ ನೀವು ಉಣ್ಣೂದು ಬಿಡ್ತಿದ್ರಿ” ಎಂದರು ಚಾಚಿ. “ಯಾರ್ಯಾರೋ ಹೆಂಗಸರ ಮರ್ಯಾದಿ ನೀವು ಕಾಯ್ದಿದ್ರಿ. ನಿಮ್ಮದು ನಾ ಕಾಯ್ದೆ. ಆದ್ರ ಮನಿ ಹುಡಿಗೀದು ಮಾತ್ರ ಬೀದ್ಯಾಗ ಇಟ್ರಿ. ಅದು ನನಗ ಸೈರಣಿ ಆಗಲಿಲ್ಲ.”

ನನ್ನ ನಗು ಅಲ್ಲೇ ನಿಂತಿತು. ಚಾಚಾ ಬಹಳ ಹೊತ್ತು ಜುಬ್ಬಾದ ಆ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸುತ್ತ ಕೂತರು. ಹೊಲಿಗೆ ಬಲ್ಲವರಿಗೆ ಅದನ್ನು ಹೊಲಿಯಲು ಎಷ್ಟು ಹೊತ್ತು ಹಿಡಿದೀತೆಂದು ಗೊತ್ತಿರುತ್ತದೆ. ಆಮೇಲೆ ಎದ್ದು, ಆ ಜುಬ್ಬಾವನ್ನು ಹಾಗೇ ಒಳಹೊರಗಾಗಿ ತೊಟ್ಟುಕೊಂಡರು.

“ಅಂಜುಮ, ನಡಿ. ಟೇಪು ತಗೋ.”

ಬಸ್ ನಿಲ್ದಾಣದಿಂದ ನಮ್ಮ ಓಣಿಯವರೆಗೆ ರಾಜಾಸಾಬ ಟೇಲರ್ ತಿರುವಿದ ಜುಬ್ಬಾ ಹಾಕಿಕೊಂಡು, ಹೊಲಿಗೆ ದಾರ ಎಲ್ಲ ಹೊರಗೆ ಕಾಣುವಂತೆ ನಡೆದು ಬಂದರು. ಚಹಾದ ಅಂಗಡಿಯವರು ಕಣ್ಣಿನ ಆಪರೇಷನ್ ತಲೆಗೆ ಏರಿದೆಯೆಂದು ತಿಳಿದರು. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕೂತಿದ್ದ ಅವ್ವ ಮತ್ತು ಫಕೀರಮ್ಮನ ಮುಂದೆ ನಿಂತು ಚಾಚಾ ಎರಡೂ ಕೈ ಮೇಲೆತ್ತಿದರು.

“ತಂಗೀ, ಇಲ್ಲಿ ನೋಡ್ರಿ. ಮೂರು ಬೆರಳು ಈ ಕಡೆ, ಮೂರು ಬೆರಳು ಆ ಕಡೆ. ನಮ್ಮ ಗುಲ್ಶನ ಮೂವತ್ತನಾಲ್ಕು ವರ್ಷ ಕದ್ದು ಹಚ್ಯಾಳ. ನನ್ನ ಅಳತೀನೂ ಸುಳ್ಳ ಐತಿ. ಬಟ್ಟಿ ಕುಗ್ಗಿದ್ದೂ ಸುಳ್ಳು. ಈ ಹುಡಿಗೀದು ತಪ್ಪಿಲ್ಲ.”

ಅವ್ವ ಮೊದಲು ಆ ಪಟ್ಟಿ ನೋಡಿದಳು, ಆಮೇಲೆ ಅದು ಸುತ್ತಿದ್ದ ಹೊಟ್ಟೆ ನೋಡಿದಳು. ತುಟಿ ಬಿಗಿಹಿಡಿದು ಬಹಳ ಪ್ರಯತ್ನ ಮಾಡಿದಳು, ಆಗಲಿಲ್ಲ. ಶೇಂಗಾದ ಮೊರ ತೊಡೆಯಿಂದ ಜಾರುವಂತೆ ನಕ್ಕಳು. ಫಕೀರಮ್ಮ ನಕ್ಕು ನಕ್ಕು ಕೆಮ್ಮಿದಳು.

“ಒಳಗ ಬಾರವಾ” ಎಂದಳು ಅವ್ವ ಅಂಜುಮಳಿಗೆ, ಕಣ್ಣು ಒರೆಸಿಕೊಳ್ಳುತ್ತ. “ಟೇಪು ಹಿಡಿ. ಆದ್ರ ನಂಬರ ಒದರಿದಿ ಅಂದ್ರ ನೋಡು.”

ಒಳಕೋಣೆಯಲ್ಲಿ ಅಂಜುಮ ಟೇಪು ಬಿಡಿಸಿದಳು. ಅವ್ವನ ಮುಖ ನೋಡಿ ಒಂದು ಗಳಿಗೆ ನಿಂತು, ಟೇಪನ್ನು ಸುತ್ತಿ ಚೀಲಕ್ಕೆ ಹಾಕಿ, ದಾರದ ಉಂಡೆ ತೆಗೆದಳು. ಹೊಟ್ಟೆಯ ಸುತ್ತ ಬಿಳಿ ದಾರ ಹಿಡಿದು ಒಂದು ಗಂಟು. ಬೆನ್ನಿಗೆ ಒಂದು ಗಂಟು. ನಂಬರೇ ಇಲ್ಲ. ನನ್ನ ನೌಕರಿಯಲ್ಲಿ ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಟ್ಟಿರಲಿಲ್ಲ.

ತೋಳಿಗೆ ದಾರ ಹಿಡಿದು ಗಂಟು ಹಾಕಿದಾಗ ಅವ್ವ ಅದನ್ನು ಕೈಗೆ ತೆಗೆದುಕೊಂಡು, ತನ್ನ ಹಳೆಯ ಜಂಪರಿನ ತೋಳಿನ ಮೇಲೆ ಇಟ್ಟು ನೋಡಿದಳು. ಹೊಟ್ಟೆ ಹೆಚ್ಚಾದದ್ದು ಅವಳಿಗೂ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ದಾರ ನಾಲ್ಕು ಬೆರಳು ಕಡಿಮೆ ಬಂತು.

“ಇಷ್ಟ ಆತೇನ ನನ್ನ ತೋಳು?” ಎಂದಳು. “ಈ ಕೈಲೆ ಎರಡು ಕೊಡ ಹೊತ್ತೀನಿ. ಇವರೆಲ್ಲಾರನೂ ಎತ್ತೀನಿ.”

“ಗುಳೇ ಹೋಗೇತ್ರಿ” ಎಂದಳು ಅಂಜುಮ ಮೆಲ್ಲಗೆ. ದಾರಿಯಲ್ಲಿ ಚಾಚಾ ಅವಳಿಗೆ ವಿದ್ಯೆಯ ಕೊನೆಯ ಪಾಠ ಹೇಳಿದ್ದರು.

“ಗುಳೇ ಹೋದವರು ವರ್ಷಕ್ಕೊಮ್ಮೆರ ಊರಿಗೆ ಬರ್ತಾರ. ಇದು ಬರೂದಿಲ್ಲೇನು?”

“ಹೊಳ್ಳಿ ಬರೂದಿಲ್ಲಂತ್ರಿ.”

ಅವ್ವ ತನ್ನ ತೋಳನ್ನು ತಾನೇ ಇನ್ನೊಂದು ಕೈಯಿಂದ ಒಮ್ಮೆ ಹಿಡಿದು ನೋಡಿದಳು. ನನಗೆ ಅಳು ಬಂತು. ಆಮೇಲೆ ಅವ್ವ ಆ ಗಂಟಿನ ದಾರವನ್ನು ಸುರುಳಿ ಸುತ್ತಿ, ನಲವತ್ತೆಂಟು ವರ್ಷದ ಜಂಪರಿನ ಒಳಗಿಟ್ಟು ಮಡಚಿ ಅಂಜುಮಳ ಕೈಗೆ ಕೊಟ್ಟಳು. “ತಗೊಂಡು ಹೋಗಿ ಟ್ರಂಕಿನ್ಯಾಗ ಇಡು. ಯಾರರ ಕೇಳಿದ್ರ ಜಂಪರ ತೋರಸು. ಹೊಲಿಯೂದು ದಾರ ನೋಡಿ ಹೊಲಿ.”

ತಿಂಗಳೊಳಗೆ ಟ್ರಂಕು ತುಂಬಿತು. ಒಂದೊಂದು ಜಂಪರಿನ ಹೊಟ್ಟೆಯಲ್ಲೂ ಒಂದೊಂದು ದಾರದ ಸುರುಳಿ. ನಾನೂ ಅಂಜುಮಳೂ ಒಪ್ಪಂದ ಮಾಡಿಕೊಂಡೆವು. ಯಾರು ಒಪ್ಪುತ್ತಾರೋ ಅವರ ಸೊಂಟದ ದಾರವನ್ನು ನಾನು ಟೇಪಿಗೆ ಹಿಡಿದು ಬರೆದುಕೊಳ್ಳುತ್ತೇನೆ, ಉದ್ದವಾದ ದಾರದವರನ್ನು ಶುಗರ್ ಪರೀಕ್ಷೆಗೆ ಕರೆಯುತ್ತೇನೆ. ಅವ್ವನಿಗೆ ಶುಗರು ಸ್ವಲ್ಪ ಮೇಲೆಯೇ ಬಂತು. ಈಗ ಸಂಜೆ ಫಕೀರಮ್ಮನ ಜೊತೆ ಕುಷ್ಟಗಿ ರಸ್ತೆಯಲ್ಲಿ ನಡೆಯುತ್ತಾಳೆ, ಹೋಳಿಗೆ ಒಂದಕ್ಕೆ ನಿಲ್ಲಿಸುತ್ತಾಳೆ. ನನ್ನ ದಾರ ಎಷ್ಟುದ್ದ ಎಂದು ನೀವು ಕೇಳಬೇಡಿ.

ರಮಜಾನ್ ಹತ್ತಿರ ಬಂದಾಗ ಚಾಚಾ ಹೊಸ ಬಿಳಿ ಬಟ್ಟೆ ತಂದರು. ಅಂಜುಮ ದಾರದ ಉಂಡೆ ಹಿಡಿದು, “ನಿಲ್ರಿ ಅಬ್ಬಾ, ನಿಮ್ಮದೂ ಮೈ ಅಳತಿ ತಗೋತೀನಿ, ಈ ಸಲ ಪಟ್ಟಿ ಗಿಟ್ಟಿ ಬ್ಯಾಡ, ಇಡೀ ಬಟ್ಟಿನ ಅಗಲ ಕತ್ತರಸೂಣು” ಎಂದಳು. ಕಣ್ಣಿಗೆ ಹನಿ ಹಾಕುವುದು ಮುಗಿದಿದ್ದರೂ ಚಹಾದ ರೂಢಿಯಿಂದ ನಾನು ಅಲ್ಲೇ ಇದ್ದೆ. ಚಾಚಾ ಟ್ರಂಕಿನಿಂದ ನಿಕಾಹ್ ಜುಬ್ಬಾವನ್ನು ತೆಗೆದು, ಬಟ್ಟೆಯ ಮೇಲೆ ಹರವಿ, ಹೊಸ ಕಣ್ಣಿನಿಂದ ಗೆರೆ ಎಳೆದರು.

“ನಾ ಹಳೇ ಅಳತಿಗೇ ಕತ್ತರಸ್ತೀನವ್ವಾ” ಎಂದರು, ಒಳಗೆ ಹುಕ್ಕು ಹಚ್ಚುತ್ತ ಕೂತಿದ್ದ ಚಾಚಿಯ ಕಡೆ ನೋಡಿ. “ಪಟ್ಟಿ ಅಕಿನ ಹಚ್ಚಲಿ.”